ತಮ್ಮನ ಹೊಸ ವರದಿ

ಮೊಂಟಾನಾ

ಪಂಡಿತೋತ್ತಮನಾದ ತಮ್ಮ ರೋಸ್ಕೊಗೆ,

ರಾಜ್ಯಗಳು ತಮ್ಮ ಕಾನೂನು ತಾವೇ ಮಾಡಿಕೊಳ್ಳಬೇಕೆಂಬ ನಿನ್ನ ಪುಸ್ತಕವನ್ನು ನಂಬಿ, ಮೊಂಟಾನಾ ರಾಜ್ಯದ ಶಾಸಕರಾದ ನಾವು ನದಿಗೆ ಗಣಿಯ ಕೊಳಕು ಬಿಡಬಾರದೆಂದು ಕಾನೂನು ಮಾಡಿದೆವು. ವಾಷಿಂಗ್ಟನ್ನಿನಲ್ಲಿ ನಿನ್ನ ಪಕ್ಷ ಗೆದ್ದದ್ದೇ ತಡ, ರಾಜ್ಯಗಳಿಗೆ ಆ ಹಕ್ಕೇ ಇಲ್ಲವೆಂದು ನಿನ್ನ ಸಂಶೋಧನಾ ಸಂಸ್ಥೆ ವರದಿ ತಂದಿತು. ಬರೆದವನೂ ನೀನೇ. ಗಣಿಯ ವಕೀಲ ಅದನ್ನೇ ಕೋರ್ಟಿನಲ್ಲಿ ಓದಿ ಗೆದ್ದ. ಗಾಳಿ ಬಂದಾಗ ತೂರಿಕೊಳ್ಳುವುದಕ್ಕೆ ಸಂಶೋಧನೆ ಎಂಬ ಹೆಸರಿದೆಯೆಂದು ನನಗೆ ತಿಳಿದಿರಲಿಲ್ಲ.

"ಆ ಪುಸ್ತಕಾನೂ ಇವನೇ ಬರ್ದಿದ್ದಲ್ವೇನೇ? ಎರಡ್ರಲ್ಲಿ ಯಾವ್ದು ಸುಳ್ಳು?" ಎಂದು ಅಮ್ಮ ಕೇಳಿದಳು.

"ಮುಂದಿನ ಎಲೆಕ್ಷನ್ ಆಗ್ಲಿ ತಡಿಯಮ್ಮ, ಹೇಳ್ತಾನೆ" ಎಂದೆ.

ಕ್ರಿಸ್‌ಮಸ್‌ಗೆ ತಪ್ಪದೆ ಬಾ. ನಿನಗೆ ಪ್ರಾಣವಾದ ನಮ್ಮ ನದಿಯ ಟ್ರೌಟ್ ಮೀನು ಹುರಿದಿಡುತ್ತೇನೆ. ನಾವು ಅದನ್ನು ತಿನ್ನುವುದು ಬಿಟ್ಟಿದ್ದೇವೆ, ಅಷ್ಟೂ ನಿನಗೇ.

ನಿನ್ನ ಅಕ್ಕ,
ವಿಲ್ಲಾ