ಬರ್ತೀನಿ ಅನ್ನದೆ ಹೋದವಳಿಗೆ

ಸೋಮವಾರ, ಅಂಗಡಿಯ ಬಾಗಿಲು ತೆಗೆಯುವ ಮೊದಲು

ಮೊಂಡೀ,

ನಾವು ಚೆನ್ನಾಗಿದ್ದೇವೆ. ನೀನು ಹೇಗಿದ್ದೀಯ ಎಂದು ಕೇಳುವುದಿಲ್ಲ. ಕೇಳಿದರೆ ದೇವರಿದ್ದಾನೆ ಎಂದು ಬರೆಯುತ್ತೀಯ, ಓದಿ ನನ್ನ ಮೈಯೆಲ್ಲ ಉರಿಯುತ್ತದೆ.

ನಿನ್ನ ಮೇಲಿನ ಕೋಪ ಇಳಿದಿಲ್ಲ. ಅಮ್ಮ ಕರಗಿರಬಹುದು ಅಂದುಕೊಂಡು ಈ ಕಾಗದ ಬಿಚ್ಚಿದ್ದರೆ ಹಾಗೇ ಮಡಿಚಿಡು. ಬಾಂಬು ಬೀಳುವ ಊರಿನ ಆಸ್ಪತ್ರೆಗೆ ನರ್ಸುಗಳು ಬೇಕು ಎಂದರೆ, ಇಡೀ ವಾರ್ಡಿನಲ್ಲಿ ಕೈ ಎತ್ತಲು ನೀನೊಬ್ಬಳೇ ಇದ್ದೆಯಾ? ಹೆತ್ತವಳನ್ನು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲ. ಹೊರಡುವ ಹಿಂದಿನ ದಿನ ಊಟಕ್ಕೆ ಕೂತಾಗ, ಉಪ್ಪು ಕೇಳಿದಷ್ಟೇ ಸಲೀಸಾಗಿ ಹೇಳಿದೆ. ನಿಮ್ಮಪ್ಪನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಹೋಗಲಿ, ಹೊರಡುವಾಗಲಾದರೂ ನೆಟ್ಟಗೆ ಹೊರಟೆಯಾ? ಬೀದಿಯ ಕೊನೆಗೆ ಹಾಲು ತರಲು ಹೋಗುವಾಗಲೂ ಬರ್ತೀನಿ ಅಮ್ಮಾ ಅನ್ನುತ್ತಿದ್ದ ಹುಡುಗಿ, ಅಂದು ಹೊಸ್ತಿಲಲ್ಲಿ ನಿಂತು ಹೋಗ್ತೀನಿ ಅಂದೆ. ಬರ್ತೀನಿ ಅನ್ನು ಎಂದು ನಾನು ತಿದ್ದಿದೆ. ಬ್ಯಾಗು ಹೆಗಲಿಗೇರಿಸಿಕೊಂಡು ನೀನು ಹೇಳಿದ್ದೇನು? ಬರೋದು ನನ್ನ ಕೈಲಿಲ್ಲಮ್ಮ, ದೇವರ ಕೈಲಿದೆ, ಸುಳ್ಳು ಯಾಕೆ ಹೇಳ್ಲಿ, ಇದನ್ನೆಲ್ಲ ಕಲಿಸಿದ್ದು ನೀನೇ ತಾನೆ, ಅಂದೆ. ನಾನು ಬಾಗಿಲು ದಢಾರೆಂದು ಹಾಕಿಕೊಂಡೆ. ನೀನು ಒಂದು ಕ್ಷಣ ಹೊರಗೆ ನಿಂತಿದ್ದೆ, ಚಪ್ಪಲಿಯ ಸದ್ದು ತಡವಾಗಿ ಕೇಳಿಸಿತು.

ಹೌದು ಮಹರಾಯ್ತಿ, ಕಲಿಸಿದ್ದು ನಾನೇ. ದೇವರ ಮೇಲೆ ಭಾರ ಹಾಕಿ ಎಂದು ಬೀದಿಗೆಲ್ಲ ಬುದ್ಧಿ ಹೇಳಿದವಳೂ ನಾನೇ. ಅದು ಬೇರೆಯವರ ಗಂಡಂದಿರಿಗೆ, ಬೇರೆಯವರ ಮಕ್ಕಳಿಗೆ ಹೇಳಿದ ಮಾತು ಕಣೇ. ನನ್ನ ಮಗಳಿಗೆ ಅಂತ ಯಾವಾಗ ಹೇಳಿದ್ದೆ?

ಎದುರಂಗಡಿಯ ಟೈಲರಮ್ಮ ನಿನಗೆ ಗೊತ್ತು. ಅವಳ ಗಂಡ ನೀನಿರುವ ಊರಿಗೇ ಡೀಸೆಲ್ ಟ್ಯಾಂಕರ್ ಓಡಿಸುತ್ತಾನೆ. ಅವನು ಹೊರಟಾಗಲೆಲ್ಲ ನಾನು ಅವಳ ಮಿಶನ್ನಿನ ಪಕ್ಕ ನಿಂತು, ದೇವರು ನೋಡ್ಕೋತಾನೆ, ನೀನು ನೆಮ್ಮದಿಯಾಗಿರು ಎಂದು ಹೇಳಿ ಬರುತ್ತಿದ್ದೆ. ನೀನು ಹೋದ ಮರುದಿನ ಅವಳು ನನ್ನ ಇಸ್ತ್ರಿ ಮೇಜಿನ ಪಕ್ಕ ಬಂದು ನಿಂತು ಅದೇ ಮಾತನ್ನು ನನಗೆ ಹೇಳಿದಳು. ಕಾದ ಪೆಟ್ಟಿಗೆಯನ್ನು ಇದ್ದಲ್ಲೇ ಬಿಟ್ಟು ಅವಳ ಮೇಲೆ ಎಗರಿದೆ. ಹೆತ್ತ ಹೊಟ್ಟೆಯ ಸಂಕಟ ನಿನಗೇನು ಗೊತ್ತು ಎಂದು ಕೂಗಾಡಿದೆ. ಅವಳು ತಿರುಗಿ ಬೀಳಲಿಲ್ಲ. ನೀವು ಹೇಳ್ದಾಗೆಲ್ಲ ನನಗೂ ಹೀಗೇ ಉರೀತಿತ್ತು ಅಕ್ಕಾ, ದೊಡ್ಡೋರು ಅಂತ ಸುಮ್ಮನಿದ್ದೆ, ಅಂದಳು. ಅಷ್ಟರಲ್ಲಿ ವಕೀಲರ ಕರಿಕೋಟಿನ ಬೆನ್ನಿನಿಂದ ಹೊಗೆ ಎದ್ದಿತ್ತು. ಸಂಜೆ ವಕೀಲರು ಬಂದು ಹಾರಾಡಿದಾಗ, ಎಲ್ಲ ದೇವರ ಇಚ್ಛೆ ಸಾರ್ ಎಂದೆ. ಅವರಿಗೂ ಆ ಮಾತು ರುಚಿಸಲಿಲ್ಲ.

ನಿಮ್ಮಪ್ಪ ಟಿವಿ ಬಿಟ್ಟು ಏಳುವುದಿಲ್ಲ. ಆ ಊರಿನ ಹೆಸರು ಬಂದ ಕೂಡಲೇ ಸೌಂಡು ತೆಗೆದುಬಿಡುತ್ತಾರೆ. ನನಗೆ ಕಿವಿ ಮಾತ್ರ ಇದೆ, ಕಣ್ಣಿಲ್ಲ ಅಂದುಕೊಂಡಿದ್ದಾರೆ, ಪಾಪ. ಮೊನ್ನೆ ಟಿವಿಯಲ್ಲಿ ಕುಸಿದ ಗೋಡೆ, ಮಗುಚಿ ಬಿದ್ದ ಮಂಚಗಳನ್ನು ತೋರಿಸಿದರು. ಅದು ನಿನ್ನ ಆಸ್ಪತ್ರೆಯಲ್ಲವಂತೆ, ಪಕ್ಕದ ಬೀದಿಯದಂತೆ. ಸದ್ಯ, ಬದುಕಿದೆ ಅನ್ನಿಸಿತು. ಆಮೇಲೆ ಹಾಗನ್ನಿಸಿದ್ದಕ್ಕೇ ಹೇಸಿಗೆಯಾಯಿತು. ಪಕ್ಕದ ಬೀದಿಯವರಿಗೆ ಅಮ್ಮಂದಿರಿರಲಿಲ್ಲವೇನಪ್ಪಾ ಎಂದು ದೇವರನ್ನು ಕೇಳಿದೆ. ಅಂದೇ ಅವನ ಪಟವನ್ನು ಮನೆಯ ಗೋಡೆಯಿಂದ ಇಳಿಸಿದೆ. ಎಲ್ಲಿಟ್ಟೆ ಎಂದು ನಿಮ್ಮಪ್ಪ ಕೇಳಿದರು, ಹೇಳಲಿಲ್ಲ. ನಿನಗೂ ಹೇಳುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕಿಟಕಿಯ ಪಕ್ಕ ಮಲಗಬೇಡ. ಇದು ಪ್ರೀತಿಯಿಂದ ಹೇಳುತ್ತಿರುವುದಲ್ಲ, ಬುದ್ಧಿಯಿಲ್ಲದವರಿಗೆ ಯಾರಾದರೂ ಹೇಳಲೇಬೇಕಲ್ಲ.

ಬಾಗಿಲು ಹಾಕಿಕೊಂಡವಳು,
ಅಮ್ಮ

ತಾ.ಕ.: ಟೈಲರಮ್ಮನ ಗಂಡ ಈ ಕಾಗದಕ್ಕಾಗಿ ಟ್ಯಾಂಕರ್ ನಿಲ್ಲಿಸಿಕೊಂಡು ಕಾಯುತ್ತಿದ್ದಾನೆ. ಹೆಂಡತಿಗೆ ಆಗಲೇ ಬರ್ತೀನಿ ಅಂದಾಯಿತು. ಅವನಿಗೇನು ದೇವರು ಬಂದು ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಾನಾ? ನೀನೂ ಒಂದು ಚೀಟಿಯಲ್ಲಿ ಆ ಒಂದು ಪದ ಬರೆದು ಅವನ ಕೈಗೆ ಕೊಡು. ಸುಳ್ಳಾದರೂ ಸರಿ. ಪಟ ಅಂಗಡಿಯ ಮುಂದಿದೆ. ನೀನು ಬಸ್ಸು ಹತ್ತಿದ ತಿರುವಿನ ಕಡೆ ಮುಖ ಮಾಡಿಸಿ ಮೊಳೆ ಹೊಡೆದು ನೇತುಹಾಕಿದ್ದೇನೆ. ನಂಬಿಕೆ ಗಿಂಬಿಕೆ ಏನಿಲ್ಲ. ದಾರಿ ಕಾಯುವುದೆಂದರೆ ಏನು ಅಂತ ಅವನಿಗೂ ಸ್ವಲ್ಪ ಗೊತ್ತಾಗಲಿ.