ನೂರು ದಿನ ನುಂಗಿದ ಮಾತು

೧೯ ಜೂನ್, ಗುರುವಾರ
ಅಂಗಡಿಯಿಂದ

ಪ್ರೀತಿಯ ಪಿಟೀಲು,

ಹೇಗಿದ್ದೀ? ಈ ಅಡ್ಡಹೆಸರಿಗೆ ಅಲ್ಲಿಂದಲೇ ಮುಖ ಊದಿಸಿಕೊಳ್ಳುತ್ತೀಯ ಅಂತ ಗೊತ್ತು, ಆದರೂ ಬರೆದೆ. ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ತಡವಾಗಿದ್ದಕ್ಕೆ ಹೊಟ್ಟೆತುಂಬ ಬೈದುಕೋ. ನಾಲ್ಕು ಸಲ ಶುರು ಮಾಡಿ ನಾಲ್ಕು ಸಲ ಹರಿದೆ. ಇವತ್ತು ಶಟರ್ ಅರ್ಧ ಎಳೆದು, ಬಿಚ್ಚಿಟ್ಟಿದ್ದ ಹೊಲಿಗೆ ಮಿಷನ್ನನ್ನು ಪಕ್ಕಕ್ಕೆ ಸರಿಸಿ ಕೂತಿದ್ದೇನೆ. ಕೂತಿದ್ದೇನೆ ಅನ್ನುವುದೂ ಸುಳ್ಳೇ. ಎರಡು ಸಾಲು ಬರೆಯುವುದು, ಎದ್ದು ಬಾಗಿಲ ತನಕ ಹೋಗುವುದು, ಮತ್ತೆ ಬಂದು ಪೆನ್ನು ಹಿಡಿಯುವುದು, ಬೆಳಗಿನಿಂದ ಇದೇ ಆಗಿದೆ.

ನೀನು ಕೇಳಿದ್ದು ಒಂದೇ ಮಾತು. "ಅಕ್ಕನ ಊರಿನ ಲೈಬ್ರರೀಲಿ ಕೆಲಸ ಸಿಕ್ಕಿದೆ. ಒಂದನೇ ತಾರೀಖಿನೊಳಗೆ ಹೇಳ್ಬೇಕು. ಸೇರ್ಕೊಂಡು ಇಲ್ಲೇ ಉಳೀಲಾ, ವಾಪಸ್ ಬರಲಾ, ನೀವೇ ಹೇಳಿ." ನೀನು ಹೋಗಿ ಎರಡು ತಿಂಗಳಾದ ಮೇಲೆ ಬಂದ ಮೊದಲ ಕಾಗದ, ಅದರಲ್ಲಿ ಇಂಥ ಪ್ರಶ್ನೆ. ಉತ್ತರಕ್ಕೆ ಬರುತ್ತೇನೆ, ಮೊದಲು ಅಂಗಡಿಯ ಸುದ್ದಿ ಕೇಳು.

ನೀನು 'ಟೈ ಸಾಹೇಬ' ಅಂತ ಹೆಸರಿಟ್ಟೆಯಲ್ಲ, ಆ ವ್ಯಕ್ತಿತ್ವ ವಿಕಸನದ ಮಾಸ್ತರರು ಕೊಟ್ಟ ನೂರು ದಿನದ ನೇಮಕ್ಕೆ ಇವತ್ತು ತೊಂಬತ್ತೊಂದನೆಯ ದಿನ. "'ಇಲ್ಲ' ಅನ್ನೋ ಪದ ಬಾಯಿಂದ ಬರಕೂಡದು. ಬಡತನ ಜೇಬಲ್ಲಿರಲ್ಲ, ನಾಲಿಗೇಲಿರುತ್ತೆ. ಇದೆ ಅನ್ನಿ, ಬರುತ್ತೆ ಅನ್ನಿ" ಅಂದಿದ್ದರಲ್ಲ, ಪಟ್ಟು ಹಿಡಿದು ಪಾಲಿಸಿದ್ದೇನೆ. ಈ ಕಾಗದದಲ್ಲೂ ನನ್ನ ಮಾತಾಗಿ ಅದು ಬಾರದಂತೆ ನೋಡಿಕೊಂಡಿದ್ದೇನೆ, ಬೇಕಾದರೆ ಹುಡುಕಿ ನೋಡು. ಈಗೀಗ 'ಇಲ್ಲಿ' ಅನ್ನುವಾಗಲೂ ನಾಲಿಗೆ ಎಡವುತ್ತದೆ.

ಒಳ್ಳೆಯದೂ ಆಗಿದೆ, ಸುಳ್ಳು ಯಾಕೆ ಹೇಳಲಿ. ಮೋಟಾರ್ ಮಿಷನ್ ರಿಪೇರಿಯನ್ನು ಪುಸ್ತಕ ನೋಡಿ ಕಲಿತೆ. ಗಾರ್ಮೆಂಟ್ ಕಾರ್ಖಾನೆಯ ಮ್ಯಾನೇಜರ್ ಮುಂದೆ ಕುರ್ಚಿ ಎಳೆದುಕೊಂಡು ಕೂತು ಮಾತಾಡಿದೆ. ಮೊದಲಾಗಿದ್ದರೆ ಬಾಗಿಲಲ್ಲೇ ನಿಂತು ಕೈ ಹಿಸುಕುತ್ತಿದ್ದೆ. ಅವರ ಅಷ್ಟೂ ಮಿಷನ್ನುಗಳ ಕೆಲಸ ನನಗೇ ಸಿಕ್ಕಿತು.

ಆದರೆ ಮೇಲಿನ ಬೀದಿಯ ಟೈಲರಮ್ಮನ ವಿಷಯದಲ್ಲಿ ಎಡವಟ್ಟಾಯಿತು. ಅವರ ಹಳೇ ಮಿಷನ್ನಿನ ಶಟಲ್ ಸವೆದಿತ್ತು, ಹೊಸದು ಬೇಕಂತೆ. ಆ ಶಟಲ್ ತಯಾರಾಗುವುದು ನಿಂತು ವರ್ಷಗಳಾದವು. ನಾನು "ಬರುತ್ತೆ" ಅಂದೆ. ಮರುವಾರವೂ "ಬರುತ್ತೆ". ನಾಲ್ಕನೆಯ ಸಲ ಆಕೆ ಮೇಜಿನ ಮೇಲೆ ಕೈಯೂರಿ ಅಂದರು: "ಇಲ್ಲ ಅಂದಿದ್ರೆ ಅವತ್ತೇ ಬೇರೆ ಮಿಷನ್ ಬಾಡಿಗೆಗೆ ತರ್ತಿದ್ದೆ ಅಣ್ಣಾ. ಈಗ ಸ್ಕೂಲ್ ಯೂನಿಫಾರಂ ಆರ್ಡರೇ ಕೈತಪ್ಪಿ ಹೋಯ್ತು. ಇಲ್ಲ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಆಗಲೂ ನನ್ನ ನಾಲಿಗೆ ಹೊರಳಲೊಲ್ಲದು. ಆಕೆ ಹೋದ ಮೇಲೆ ಇಡೀ ದಿನ ಒಂದು ಸ್ಕ್ರೂ ಸಹ ನೆಟ್ಟಗೆ ಕೂರಿಸಲಾರದೆ ಹೋದೆ.

ಈ ಹುಚ್ಚು ನಿಮಗ್ಯಾಕೆ ಹಿಡೀತು ಅಂತ ನೀನು ಎಷ್ಟೋ ಸಲ ಕೇಳಿದ್ದೀ. ಕೇಳಿದಾಗೆಲ್ಲ ನಕ್ಕು ಜಾರಿಕೊಂಡೆ. ನಮ್ಮಪ್ಪ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು. ಬಣ್ಣದ ಪೆನ್ಸಿಲ್ ಕೇಳಿದರೆ "ಇಲ್ಲ". ಸಂಜೆ ಕಾಲೇಜಿಗೆ ಸೇರುತ್ತೇನೆ ಅಂದರೆ "ಅದೆಲ್ಲಾ ನಮ್ಮಂಥೋರಿಗಿಲ್ಲ ಕಣೋ, ತೆಪ್ಪಗಿರು". ಸಂಬಳದ ದಿನವೂ ಅದೇ ಮಾತು, ಜೇಬು ಮುಟ್ಟಿಯೂ ನೋಡದೆ. ಕೇಳುವುದನ್ನೇ ಬಿಟ್ಟೆ. ಆಮೇಲೆ ಬಯಸುವುದನ್ನೂ ಬಿಟ್ಟೆ. ನೀನು ಬಸುರಿ ಅಂತ ತಿಳಿದ ವಾರವೇ ನಾನು ಟೈ ಸಾಹೇಬರ ತರಬೇತಿಗೆ ಹೆಸರು ಬರೆಸಿದ್ದು ಅದಕ್ಕೇ. ನನ್ನ ಮಗುವಿನ ಕಿವಿಗೆ ಆ ಪದ ಬೀಳಬಾರದು ಅಂತ ಇಷ್ಟೆಲ್ಲ ಮಾಡಿದೆ. ಆಮೇಲೆ ಆಸ್ಪತ್ರೆ, ಅದಾದ ಎಂಟು ದಿನಕ್ಕೆ ನೀನು ಅಕ್ಕನ ಮನೆಗೆ ಹೊರಟೆ.

ಈಗ ಕೆಲಸದ ವಿಷಯ. "ಒಳ್ಳೆಯ ಅವಕಾಶ ಬಂದಿದೆ, ಸ್ವಾಗತಿಸು" ಅಂತ ಹಿಂದಿನ ನಾಲ್ಕೂ ಕಾಗದದಲ್ಲಿ ಬರೆದಿದ್ದೆ. ಓದಿದರೆ ಟೈ ಸಾಹೇಬರು ಬಂದು ನಿಂತ ಹಾಗಿತ್ತು, ಅದಕ್ಕೇ ಹರಿದದ್ದು. ಪುಸ್ತಕಗಳ ನಡುವೆ ನಿನಗೆ ನೆಮ್ಮದಿ ಸಿಗುವುದಾದರೆ ಸೇರು, ನನ್ನ ಅಡ್ಡಿ ಯಾವುದೂ ಇರದು. ನನ್ನ ಮನಸ್ಸು ಕೇಳಿದರೆ ಮಾತ್ರ ಬಾ ಅನ್ನುತ್ತೇನೆ. ನೀನು ಪಿಟೀಲು ಕುಯ್ಯದ, ಬೈಯದ ಮನೆಯಲ್ಲಿ ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು.

ಅಕ್ಕ ಭಾವನಿಗೆ ನನ್ನ ನಮಸ್ಕಾರ ಹೇಳು, ಅವರ ಮಕ್ಕಳಿಗೆ ಆಶೀರ್ವಾದ. ಮಾತ್ರೆ ತಪ್ಪಿಸಬೇಡ, ಊಟದ ಹೊತ್ತಿಗೆ ಊಟ ಮಾಡು. ಇಲ್ಲಿಗೆ ಬಂದರೂ ಸರಿ, ಅಲ್ಲೇ ಉಳಿದರೂ ಸರಿ, ನೀನು ಚೆನ್ನಾಗಿರಬೇಕು.

ಎಣ್ಣೆ ಕೈಯ ನಿನ್ನ
ಮೆಕ್ಯಾನಿಕ್

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಅಸಲು ಮಾತೇ ಉಳಿದುಹೋಗಿತ್ತು. ಆಸ್ಪತ್ರೆಯಿಂದ ಬಂದ ದಿನ ಮಂಚದ ಮೇಲೆ ಕೂತು, ನನ್ನ ಅಂಗಿ ಹಿಡಿದು ನೀನು ಕೇಳಿದೆ: "ರೀ, ನಮ್ಮ ಮಗು ಇಲ್ಲ ಅಲ್ವಾ? ನೀವೂ ಒಂದ್ಸಲ ಬಾಯಿಬಿಟ್ಟು ಹೇಳ್ರಿ. ನಾನೊಬ್ಳೇ ಹೇಳ್ಕೋತಾ ಇದೀನಿ." ನಾನು ನಿನ್ನ ತಲೆ ಸವರಿ "ಬರುತ್ತೆ" ಅಂದೆ. ಅಂಗಡಿಗೆ ಬಂದವರಿಗೆ ಹೇಳುವ ದನಿಯಲ್ಲೇ ಅಂದೆ. ನೀನು ಅಂಗಿ ಬಿಟ್ಟೆ. ಆಮೇಲೆ ನನ್ನ ಮುಂದೆ ಅಳುವುದನ್ನೂ ಬಿಟ್ಟೆ.

ಇಲ್ಲ ಕಣೇ. ನಮ್ಮ ಮಗು ಇಲ್ಲ. ನನಗೂ ತಡೆಯೋಕಾಗ್ತಾ ಇಲ್ಲ.