ಕಾರ್ವಿಕ್‌ನ ಗೋಡೆಗೆ ಹನ್ನೆರಡನೆಯ ಹೆಸರು

ಕಾರ್ವಿಕ್, ಉತ್ತರ ಡಕೋಟ
೧೭ ಮೇ ೧೯೮೬

ಪ್ರೀತಿಯ ನೋರಿ,

ಈಸ್ಟರ್‌ಗೆ ನೀನು ಬರೆದ ಕಾಗದ ಇನ್ನೂ ಅಡುಗೆಮನೆಯ ಕಿಟಕಿಯಲ್ಲೇ ಇದೆ. ಉತ್ತರಕ್ಕೆ ಇಷ್ಟು ವಾರ ಹಿಡಿದದ್ದಕ್ಕೆ ಕ್ಷಮಿಸು. ನಾನು ಆರೋಗ್ಯವಾಗಿಯೇ ಇದ್ದೇನೆ, ಕೆಲಸವೂ ಹೆಚ್ಚಿರಲಿಲ್ಲ. ಬರೆಯಬೇಕಾದದ್ದನ್ನು ಬರೆಯಲು ಮನಸ್ಸು ಬರಲಿಲ್ಲ, ಅಷ್ಟೆ.

ಊರಿನಲ್ಲಿ ಗೋಧಿ ಬಿತ್ತನೆ ಮುಗಿಯುತ್ತಾ ಬಂದಿದೆ. ಪತ್ರಿಕೆಯಲ್ಲಿ ನನಗೆ ಈಗ ವಾರಕ್ಕೆ ಮೂರೇ ದಿನ ಕೆಲಸ: ಮದುವೆ, ಮರಣ, ಶಾಲೆಯ ಊಟದ ಪಟ್ಟಿ. ಕಾಫಿ ಅಂಗಡಿಗೆ ಹೋದರೆ ಮಾತೆಲ್ಲ ನಿನ್ನದೇ. ಕಳೆದ ಗುರುವಾರ ನೀನು ಟೀವಿಯ ಹವಾಮಾನ ವಾರ್ತೆಯಲ್ಲಿ ಒಣ ಹವೆ ಎಂದೆ, ಇಲ್ಲಿ ಆಲಿಕಲ್ಲು ಬಿತ್ತು. ಅಂಚೆಯ ಪೀಟರ್ ನನ್ನನ್ನು ಹಿಡಿದುಕೊಂಡ. "ನಿನ್ ತಂಗಿಗೆ ಹೇಳು ಥೋರಾ, ಅಷ್ಟು ಚೆಂದ ನಗ್ತಾ ಸುಳ್ಳು ಹೇಳಿದ್ರೆ ನಾವು ನಂಬ್ದೆ ಏನ್ಮಾಡೋದು" ಎಂದ. ಎಲ್ಲರೂ ನಕ್ಕರು. ಬೈಯುವಾಗಲೂ ಅವರ ದನಿಯಲ್ಲಿ ನೀನು ನಮ್ಮವಳು ಎಂಬ ಹೆಮ್ಮೆ ಇರುತ್ತದೆ. ಮೂವತ್ತೊಂದು ವರ್ಷ ಅವರ ಹೆತ್ತವರ ಮರಣವಾರ್ತೆ ಬರೆದವಳು ನಾನು. ನನ್ನ ಬಗ್ಗೆ ಆ ದನಿ ನಾನು ಕೇಳಿಲ್ಲ.

ಸಮಿತಿಯ ಆಹ್ವಾನ ನಿನಗೆ ತಲುಪಿರಬೇಕು. ಜುಲೈ ನಾಲ್ಕಕ್ಕೆ ಕೋರ್ಟಿನ ಮುಂದಿನ ಗೋಡೆಯಲ್ಲಿ ನಿನ್ನ ಹೆಸರಿನ ಕಂಚಿನ ಫಲಕ ಕೂರಿಸುತ್ತಾರೆ. ಊರಿನ ಹೆಸರಾಂತವರ ಆ ಗೋಡೆ ನಿನಗೆ ಗೊತ್ತೇ ಇದೆ: ಒಬ್ಬ ಜನರಲ್, ಹಂದಿಗೆ ಮೇವು ಹಾಕುವ ಯಂತ್ರ ಮಾಡಿದವನು, ಒಂದೇ ಒಂದು ವರ್ಷ ದೊಡ್ಡ ತಂಡದಲ್ಲಿ ಬೇಸ್‌ಬಾಲ್ ಆಡಿದವನು, ಹೀಗೆ ಹನ್ನೊಂದು ಮಂದಿ. ನೀನು ಹನ್ನೆರಡನೆಯವಳು.

ಇದು ಹೇಗೆ ನಡೆಯಿತೆಂದು ಬೇರೆಯವರು ಹೇಳುವ ಮೊದಲು ನಾನೇ ಹೇಳುತ್ತೇನೆ.

ಜನರಲ್ ನಮ್ಮವನೆಂದು ಪಕ್ಕದ ಊರು ಡೋರನ್ಸ್‌ನವರು ಜಗಳ ತೆಗೆದ ಕಾಲದಲ್ಲಿ ಸಮಿತಿ ಒಂದು ನಿಯಮ ಮಾಡಿತ್ತು. ಗೋಡೆ ಏರುವವರು ಕಾರ್ವಿಕ್ ಊರಿನ ಗಡಿಯೊಳಗೇ ಹುಟ್ಟಿರಬೇಕು. ಜನನಪತ್ರ ತರಿಸುವುದು ಕಾರ್ಯದರ್ಶಿಯ ಕೆಲಸ, ಅಂದರೆ ನನ್ನದು. ನಿನ್ನ ವಿಷಯದಲ್ಲಿ ಅದನ್ನು ಯಾರೂ ಕೇಳಲಿಲ್ಲ. ನಾನು ನಿನ್ನ ಅಕ್ಕ, ಕೇಳುವುದೇನಿದೆ? ಆದರೂ ತರಿಸಿದೆ. ನೀನು ಹುಟ್ಟಿದ ವಾರ ನಮ್ಮೂರಿನಲ್ಲಿ ಡಾಕ್ಟರು ಇರಲಿಲ್ಲವೆಂದು ಅಪ್ಪ ಅಮ್ಮನನ್ನು ಹತ್ತೊಂಬತ್ತು ಮೈಲಿ ಆಚೆಗೆ ಕರೆದುಕೊಂಡು ಹೋಗಿದ್ದರಲ್ಲ. ಪತ್ರದಲ್ಲಿ ಡೋರನ್ಸ್ ಎಂದೇ ಇದೆ. ಏಪ್ರಿಲ್ ಎಂಟರ ಸಭೆಯಲ್ಲಿ ಎದ್ದು ನಿಂತು ತಾರೀಖಿನ ಸಮೇತ ಓದಿದೆ.

ಆಮೇಲೆ ಅಧ್ಯಕ್ಷ, ಮೇವಿನ ಅಂಗಡಿಯ ಆರ್ವಿಲ್ ಸ್ಟೆನರ್ಸನ್, ಕನ್ನಡಕ ತೆಗೆದು ನನ್ನ ಕಡೆ ನೋಡಿದ.

"ಇದು ಡೋರನ್ಸ್‌ನವ್ರಿಗೆ ಗೊತ್ತಾ?"

ಇಲ್ಲ ಎಂದೆ.

"ಗೊತ್ತಾದ್ರೆ ನಾಳೆ ಬೆಳಗ್ಗೆ ಹೈವೇಲಿ ನಮ್ಮೂರವಳು ಅಂತ ಬೋರ್ಡ್ ನಿಲ್ಲಿಸ್ತಾರೆ. ಅಲ್ಲ ಥೋರಾ, ಒಂಬತ್ತು ತಿಂಗ್ಳು ಹೊಟ್ಟೇಲಿ ಇಲ್ಲೇ ಇದ್ಳು. ಅಲ್ಲಿ ಇದ್ದಿದ್ದು ಎರಡು ದಿನ. ಹಸು ಪಕ್ಕದ ಹೊಲದಲ್ಲಿ ಕರು ಹಾಕಿದ್ರೆ ಕರು ಯಾರ್ದು?"

ನಿಯಮ ನಿಯಮವೇ ಎಂದೆ. ಹಾಗಾದರೆ ನಿಯಮವನ್ನೇ ಬದಲಾಯಿಸೋಣ ಎಂದು ಗ್ರಂಥಾಲಯದ ಮಿಸೆಸ್ ಆಮುಂಡ್ ಸೂಚಿಸಿದರು. ಐದು ನಿಮಿಷದಲ್ಲಿ ಅದೂ ಆಯಿತು. ತಾಯಿ ಕಾರ್ವಿಕ್ ನಿವಾಸಿಯಾಗಿದ್ದರೆ ಸಾಕಂತೆ. ನಡಾವಳಿಯಲ್ಲಿ ಅದನ್ನು ಬರೆದದ್ದೂ ನಾನೇ. ಪರವಾಗಿ ಆರು ಕೈ ಎದ್ದವು, ವಿರುದ್ಧ ಒಂದು. ಆ ಒಂದು ಯಾರದೆಂದು ನಿನಗೆ ಈಗ ತಿಳಿಯಿತು.

ಹೊರಗೆ ಕೋಟು ಹಾಕಿಕೊಳ್ಳುವಾಗ ಆರ್ವಿಲ್ ಮೆಲ್ಲಗೆ, "ನೀನೂ ಅದೇ ಮನೇಲಿ ಬೆಳೆದವಳೇ ಅಲ್ವಾ?" ಎಂದ. ಅವನು ಸಮಾಧಾನಕ್ಕೆ ಹೇಳಿದ್ದು. ನನಗೆ ಚುಚ್ಚಿತು. ಮನೆಗೆ ಬಂದು ಅನ್ನಿಸಿದ್ದನ್ನೂ ಬರೆದುಬಿಡುತ್ತೇನೆ: ನಿಯಮ ಮುರಿಯಿತೆಂದು ನನಗೆ ಸಿಟ್ಟು ಬಂದಿರಲಿಲ್ಲ. ನಿನಗಾಗಿ ಮುರಿಯಿತೆಂದು ಬಂದಿತ್ತು. ಐವತ್ತೆಂಟನೆಯ ವಯಸ್ಸಿನಲ್ಲಿ ತಂಗಿಯ ಮೇಲೆ ಹೊಟ್ಟೆಕಿಚ್ಚು ಪಡುವುದು ಮರ್ಯಾದೆಯಲ್ಲ. ಆದರೂ ಪಟ್ಟೆ.

ನೀನು ಬಾ. ಹಿಂದಿನ ಕೋಣೆ ಒರೆಸಿ ಇಟ್ಟಿದ್ದೇನೆ. ನಿನ್ನ ಮಂಡಿಯ ಆಪರೇಷನ್ ಚೆನ್ನಾಗಿ ಆಗಲಿ. ದೇವರು ನಿನ್ನನ್ನು ಎಲ್ಲಿದ್ದರೂ ಬೆಚ್ಚಗೆ ಇಟ್ಟಿರಲಿ, ಮಕ್ಕಳಿಗೆ ಒಳ್ಳೆಯದು ಮಾಡಲಿ.

ನಿನ್ನ ಅಕ್ಕ,
ಥೋರಾ

ತಾ.ಕ.: ಫಲಕದಲ್ಲಿ ನಿನ್ನ ಹೆಸರಿನ ಕೆಳಗೆ ಒಂದು ಸಾಲು ಇರುತ್ತದೆ. ನೀನು ಚಳಿಗಾಲದಲ್ಲಿ ಕೊಟ್ಟ ಸಂದರ್ಶನದಿಂದ ತೆಗೆದದ್ದು: 'ಹತ್ತನೆಯ ವಯಸ್ಸಿನಿಂದ ಪ್ರತಿದಿನ ಬೆಳಗ್ಗೆ ಏಳಕ್ಕೆ ಹಿತ್ತಲಿನ ಮಳೆಮಾಪಕ ನೋಡಿ ಅಪ್ಪನ ಪುಸ್ತಕದಲ್ಲಿ ಬರೆದ ಹುಡುಗಿ.' ಅಚ್ಚಿಗೆ ಹೋಗುವ ಮೊದಲು ತಪ್ಪು ನೋಡಲು ನನಗೇ ಕೊಟ್ಟರು. ಒಂದಕ್ಷರವೂ ತಪ್ಪಿಲ್ಲವೆಂದು ಸಹಿ ಹಾಕಿದೆ. ಅಪ್ಪನ ಪುಸ್ತಕಗಳು ನನ್ನ ಬೀರುವಿನಲ್ಲಿವೆ ನೋರಿ. ಹನ್ನೊಂದು ವರ್ಷದ ಲೆಕ್ಕವೂ ನನ್ನ ಕೈಬರಹದಲ್ಲಿದೆ. ನಿನ್ನದು ನಾಲ್ಕು ದಿನ, ನನಗೆ ಮಂಗನಬಾವು ಬಂದು ಮಲಗಿದ್ದಾಗ. ನಾಲ್ಕೂ ದಿನ ಸೊನ್ನೆ ಬರೆದಿದ್ದೀಯ. ಆ ಮೂರನೆಯ ರಾತ್ರಿಯೆಲ್ಲ ಮಳೆ ಸುರಿದಿತ್ತು. ನಾನು ಎಚ್ಚರವಾಗಿಯೇ ಇದ್ದೆ.